ಕಿಸೆಯ ಟಾರ್ಚು: ಲ್ಯೂಮೆನ್ ನೋಡಿ ಮರುಳಾಗಬೇಡಿ

ಬೇಸಿಗೆ. ರಾತ್ರಿ ಪಾಳಿಯ ತ್ರಿಫೇಸ್ ಕರೆಂಟು. ಒಂದು ಗಂಟೆಗೆ ಎದ್ದು ಕೆಳಗಿನ ತೋಟದ ಪಂಪಿಗೆ ಹೊರಟಿದ್ದೆ. ಕೈಯಲ್ಲಿ ಹೊಸ ಟಾರ್ಚು. ಪೆಟ್ಟಿಗೆಯ ಮೇಲೆ ಐದಂಕಿಯ ಲ್ಯೂಮೆನ್ ಅಚ್ಚಾಗಿತ್ತು. ಅಂಗಳ ದಾಟುವಾಗ ಹಗಲಿನಂಥ ಬೆಳಕು. ಗೇಟ್‌ವಾಲ್ವ್ ತಿರುಗಿಸುವಷ್ಟರಲ್ಲಿ ಮಂಕು. ವಾಪಸು ಬರುವಾಗ ಪೂರ್ತಿ ಕತ್ತಲು. ಕಿಸೆ ತಡಕಿ ಮೊಬೈಲ್ ಬೆಳಗಿಸಿದೆ. ಮುಂದಿನ ಹೆಜ್ಜೆ ಇಡಬೇಕಿದ್ದಲ್ಲೇ, ಬಿದ್ದ ಸೋಗೆಯ ಮೇಲೆ, ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು.

ಆ ದಿನ ನನಗೇನೂ ಆಗಲಿಲ್ಲ. ಆದರೆ ಟಾರ್ಚು ಕೊಳ್ಳುವ ಕ್ರಮ ಬದಲಾಯಿತು. ಪಂಪು, ಸ್ಪ್ರೇಯರ್ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು ಟಾರ್ಚನ್ನು ಮಾತ್ರ ಸಂತೆಯಲ್ಲಿ ಕಂಡದ್ದನ್ನು ಎತ್ತಿಕೊಂಡು ಬರುತ್ತೇವೆ. ಅದು ಸರಿಯಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು. ಹೆಜ್ಜೆ ಇಡುವ ಮೊದಲು ನೆಲ ಕಂಡಿದ್ದರೆ ಇವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೋ.

ಮೊದಲು ಕೆಲಸ, ಆಮೇಲೆ ಟಾರ್ಚು

"ಒಳ್ಳೆ ಟಾರ್ಚು ಯಾವುದು?" ಎಂದು ಕೇಳುವ ಮೊದಲು "ನನಗೆ ಯಾತಕ್ಕೆ ಬೇಕು?" ಎಂದು ಕೇಳಿಕೊಳ್ಳಿ. ನಮಗೆ ಮುಖ್ಯವಾಗಿ ಮೂರು ಕೆಲಸ. ನಡೆಯುವಾಗ ಮುಂದಿನ ನಾಲ್ಕೈದು ಹೆಜ್ಜೆ ನೆಲ ಕಾಣಬೇಕು. ಹಂದಿ ಬಂತೇ, ಪೈಪು ಒಡೆಯಿತೇ ಎಂದು ಐವತ್ತು ಮೀಟರ್ ಆಚೆ ನೋಡಬೇಕು. ಸ್ಟಾರ್ಟರಿನ ಫ್ಯೂಸ್ ನೋಡಲು, ಹಟ್ಟಿಯಲ್ಲಿ ಕರು ಹಾಕುವ ದನದ ಹತ್ತಿರ ಕೂರಲು ಸಣ್ಣ ಬೆಳಕು ಬೇಕು.

ನಾಲ್ಕನೆಯದೇ ದೊಡ್ಡದು. ಟಾರ್ಚು ಸದಾ ಕಿಸೆಯಲ್ಲಿರಬೇಕು. ಸಂಜೆ ಹುಲ್ಲಿಗೆ ಹೋದವರು ಮಾತಾಡುತ್ತಾ ನಿಂತು ಕತ್ತಲಾಗುವುದು ಉಂಟಲ್ಲ? ಆಗ ಮನೆಯ ಗೂಟದಲ್ಲಿ ನೇತಾಡುವ ದೊಡ್ಡ ಟಾರ್ಚಿನಿಂದ ಏನು ಪ್ರಯೋಜನ? ಗೇಣುದ್ದಕ್ಕಿಂತ ಚಿಕ್ಕದು, ಅಂಗಿ ಕಿಸೆ ಜಗ್ಗದಷ್ಟು ತೂಕ, ಇಷ್ಟಾದರೆ ಜೊತೆಗೇ ಬರುತ್ತದೆ.

ಲ್ಯೂಮೆನ್ ಬೇರೆ, ಕ್ಯಾಂಡೆಲಾ ಬೇರೆ

ನಮ್ಮ ಅಜ್ಜಂದಿರು ಮಡಲಿನ ಸೂಟೆ ಬೀಸಿಕೊಂಡು ನಡೆದರು. ಆಮೇಲೆ ಎರಡು ಸೆಲ್ಲಿನ ಬಲ್ಬ್ ಟಾರ್ಚು ಬಂತು. ಅದು ಕೊಡುತ್ತಿದ್ದದ್ದು ಹತ್ತಿಪ್ಪತ್ತು ಲ್ಯೂಮೆನ್. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ತಯಾರಾಯಿತು. ಅದರಿಂದಲೇ ಬಿಳಿ ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ನಮ್ಮ ಕಿಸೆಯ ಟಾರ್ಚಿಗೆ ಇವರೇ ಕಾರಣ.

ಲ್ಯೂಮೆನ್ ಅಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀಕ್ಷ್ಣತೆ. ನೀರಾವರಿ ಮಾಡುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಪೈಪಿನ ಬಾಯಲ್ಲಿ ಬರುವ ಒಟ್ಟು ನೀರು ಲ್ಯೂಮೆನ್. ಬಾಯಿಗೆ ಬೆರಳು ಅಡ್ಡ ಹಿಡಿದರೆ ಅದೇ ನೀರು ದೂರ ಚಿಮ್ಮುತ್ತದಲ್ಲ, ಅದು ಕ್ಯಾಂಡೆಲಾ.

ಟಾರ್ಚು ಎಷ್ಟು ದೂರಕ್ಕೆ ಬೀಳುತ್ತದೆ? ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿ. 2500 ಕ್ಯಾಂಡೆಲಾ ಆದರೆ 100 ಮೀಟರ್. 10,000 ಆದರೆ 200 ಮೀಟರ್. ಆದರೆ ಈ ಲೆಕ್ಕದ ಕೊನೆಯ ತುದಿಯಲ್ಲಿ ಸಿಗುವುದು ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು ಮಾತ್ರ. ಹಂದಿಯೋ, ಹೋರಿಯೋ ಗುರುತು ಸಿಗಬೇಕಾದರೆ ಬರೆದ ದೂರದ ಅರ್ಧ, ಮೂರರಲ್ಲೊಂದು ಪಾಲು ಎಂದು ಹಿಡಿಯಿರಿ.

ಲೆಕ್ಕ ಹಾಕಿದರೆ ಸುಳ್ಳು ಬಯಲು

ಬ್ಯಾಟರಿಯ ಶಕ್ತಿ ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಒಳ್ಳೆಯ ಲಿಥಿಯಂ ಸೆಲ್ 3500 ಎಂಎಎಚ್, ಅಂದರೆ 3.5 ಆಂಪಿಯರ್ ಗಂಟೆ. ವೋಲ್ಟೇಜು 3.6. ಗುಣಿಸಿದರೆ 12.6 ವ್ಯಾಟ್ ಗಂಟೆ. ಒಂದು ವ್ಯಾಟಿಗೆ ಸರಿಸುಮಾರು 100 ಲ್ಯೂಮೆನ್ ಬೆಳಕು ಸಿಕ್ಕೀತು. ಹಾಗಾದರೆ ಈ ಸೆಲ್ಲಿನೊಳಗೆ ಇರುವುದು ಹೆಚ್ಚುಕಡಿಮೆ 1200 ಲ್ಯೂಮೆನ್ ಗಂಟೆ.

ಇದನ್ನು ನೀವು ಹೇಗೂ ಖರ್ಚು ಮಾಡಬಹುದು. 1000 ಲ್ಯೂಮೆನ್ ಆದರೆ ಒಂದು ಗಂಟೆ ಚಿಲ್ಲರೆ. 150 ಆದರೆ ಎಂಟು ಗಂಟೆ. ಈಗ ನನ್ನ ಐದಂಕಿಯ ಟಾರ್ಚು ನೋಡಿ. 10,000 ಲ್ಯೂಮೆನ್ ನಿಜವೇ ಆಗಿದ್ದರೆ ಈ ಸೆಲ್ಲಿನಲ್ಲಿ ಏಳೇ ನಿಮಿಷ. ಮೇಲಿಂದ ಅದು 100 ವ್ಯಾಟ್ ಎಳೆಯಬೇಕು. ಕಿಸೆಯ ಟಾರ್ಚು ಆ ಬಿಸಿ ತಡೆಯುವುದುಂಟೇ?

ಒಳ್ಳೆಯ ಟಾರ್ಚು ಕೂಡ ಪೂರ್ತಿ ಬೆಳಕನ್ನು ಒಂದೆರಡು ನಿಮಿಷ ಮಾತ್ರ ಕೊಟ್ಟು, ಬಿಸಿಯೇರಿದಾಗ ತಾನಾಗಿ ತಗ್ಗುತ್ತದೆ. ಅದು ದೋಷ ಅಲ್ಲ. ಟಾರ್ಚುಗಳಿಗಾಗಿಯೇ 2009ರಲ್ಲಿ ಅಮೆರಿಕದಲ್ಲಿ ಎಫ್‌ಎಲ್ 1 ಎಂಬ ಮಾನದಂಡ ಬಂತು. ಅದರ ಪ್ರಕಾರ ಉರಿಯುವ ಅವಧಿ ಅಂದರೆ ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಕಾಲ. "ಸಾವಿರ ಲ್ಯೂಮೆನ್, ಎಂಟು ಗಂಟೆ" ಎಂದಿದ್ದರೆ ಎಂಟು ಗಂಟೆಯೂ ಸಾವಿರ ಎಂದು ತಿಳಿಯಬೇಡಿ.

ಆದ್ದರಿಂದ ನೀವು ನೋಡಬೇಕಾದ್ದು ನಡುವಿನ ಹಂತ. 100ರಿಂದ 300 ಲ್ಯೂಮೆನ್ ಒಂದೇ ಸಮನೆ ಎರಡು ಮೂರು ಗಂಟೆ ಬಂದರೆ ತೋಟಕ್ಕೆ ಧಾರಾಳ. ಮೇಲಿನ ಹಂತ ಹಂದಿ ನೋಡಲು ಅರ್ಧ ನಿಮಿಷಕ್ಕೆ ಸಾಕು. ಐದು ಲ್ಯೂಮೆನ್‌ನ ಸಣ್ಣ ಹಂತ ಬೇಕೇ ಬೇಕು. ಪ್ರಖರ ಬೆಳಕು ನೋಡಿದ ಕಣ್ಣು ಪೂರ್ತಿ ಕತ್ತಲಿಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಫ್ಯೂಸ್ ಡಬ್ಬಿ ನೋಡಲು ಅಷ್ಟು ಬೆಳಕು ಯಾಕೆ?

ಯಾವ ಸೆಲ್?

18650 ಎಂಬ ಹೆಸರಿನ ಲಿಥಿಯಂ ಸೆಲ್ ಹೆಚ್ಚು ಬಳಕೆಯದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹಾಗಾಗಿ ಆ ಹೆಸರು. ಇದರಲ್ಲಿ ಒಳ್ಳೆಯದಕ್ಕೆ 2500ರಿಂದ 3500 ಎಂಎಎಚ್. 9900 ಎಂದು ಬರೆದದ್ದು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ತಕ್ಕಡಿಯಲ್ಲಿಟ್ಟರೂ ಗೊತ್ತಾಗುತ್ತದೆ. ನಿಜವಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಸುಳ್ಳು ಸೆಲ್ ಹಗುರ.

ಇದಕ್ಕಿಂತ ದಪ್ಪದ್ದು 21700. ಅದರಲ್ಲಿ 4000ದಿಂದ 5000 ಎಂಎಎಚ್. ಟಾರ್ಚು ಸ್ವಲ್ಪ ದಪ್ಪವಾಗುತ್ತದೆ, ಅಷ್ಟೇ.

ಊರಿನ ಅಂಗಡಿಯ ಎಎ ಸೆಲ್ ಬಳಸುವ ಟಾರ್ಚನ್ನೂ ತಳ್ಳಿಹಾಕಬೇಡಿ. ಬೆಳಕು ಕಡಿಮೆ. ಆದರೆ ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟಿಲ್ಲದಾಗ ಹೊಸ ಸೆಲ್ ಹಾಕಿದರೆ ಆಯಿತು. ಬಳಸದಾಗ ಸೆಲ್ ತೆಗೆದಿಡಿ, ಸೋರಿ ಟಾರ್ಚೇ ಹಾಳಾಗುತ್ತದೆ.

ಚಾರ್ಜಿಂಗ್ ಟಾರ್ಚು ಕೊಳ್ಳುವುದಾದರೆ ಸೆಲ್ ಬದಲಾಯಿಸಲು ಬರುವಂಥದ್ದೇ ಇರಲಿ. ಒಳಗೇ ಅಂಟಿಸಿದ್ದು ಒಂದೆರಡು ವರ್ಷಗಳಲ್ಲಿ ಕಸ. ಮೊಬೈಲಿನ ಟೈಪ್ ಸಿ ವಯರ್ ಹಿಡಿಸಿದರೆ ಅನುಕೂಲ. ಹೊದಿಕೆ ಹರಿದ, ಉಬ್ಬಿದ ಲಿಥಿಯಂ ಸೆಲ್ ಬಳಸಬೇಡಿ, ಬೆಂಕಿ ಹಿಡಿದೀತು. ಬಿಡಿ ಸೆಲ್ಲನ್ನು ಚಿಲ್ಲರೆ ದುಡ್ಡು, ಬೀಗದ ಕೈ ಇರುವ ಕಿಸೆಗೆ ಹಾಕಲೇಬೇಡಿ.

ಬೆಳಕಿನ ಬಣ್ಣ, ಬೆಳಕಿನ ಆಕಾರ

ನೀಲಿ ಛಾಯೆಯ ಬಿಳಿ ಬೆಳಕು ಅಂಗಡಿಯಲ್ಲಿ ಕಣ್ಣು ಕುಕ್ಕುತ್ತದೆ. ತೋಟದಲ್ಲಿ ಒಣ ಸೋಗೆ, ಹಾಳೆ, ಮಣ್ಣು ಎಲ್ಲ ಒಂದೇ ಬೂದು. ಸ್ವಲ್ಪ ಹಳದಿ ಕಡೆಗಿನ ಬೆಳಕಿನಲ್ಲಿ, ಅಂದರೆ 4000ದಿಂದ 5000 ಕೆಲ್ವಿನ್ ಎಂದು ಬರೆದದ್ದರಲ್ಲಿ, ಕಂದು ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕೊಳಕುಮಂಡಲ ಒಣ ಎಲೆಯಲ್ಲಿ ಕರಗಿಹೋಗುವ ಬಣ್ಣದ್ದು. ಹಾಗಾಗಿ ನನ್ನ ಮತ ಹಳದಿ ಕಡೆಗೆ.

ಮುಂದೆ ಹಿಂದೆ ಎಳೆಯುವ ಜೂಮ್ ಟಾರ್ಚು ನಡೆಯಲು ಅಷ್ಟು ಒಳ್ಳೆಯದಲ್ಲ. ಎಳೆದರೆ ಚೌಕಟ್ಟಿನಂಥ ಒಂದು ತುಂಡು ಬೆಳಕು, ಸುತ್ತ ಕತ್ತಲು. ಎಳೆಯುವ ಸಂದಿಯಲ್ಲಿ ನೀರೂ ಒಳಗೆ ಹೋಗುತ್ತದೆ. ನಡುವೆ ಗಟ್ಟಿ ಬೆಳಕು, ಸುತ್ತ ಅಗಲಕ್ಕೆ ಮೆಲು ಬೆಳಕು ಇರುವಂಥದ್ದು ನಮಗೆ ಹೊಂದುತ್ತದೆ.

ಮಳೆಗೆ ಐಪಿಎಕ್ಸ್ 4 ಅಂದರೆ ಹನಿ ಸಿಡಿದರೆ ತೊಂದರೆಯಿಲ್ಲ. ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ. ಕಣಿಗೆ ಬೀಳಿಸುವ ಅಭ್ಯಾಸವಿದ್ದವರು ಎರಡನೆಯದನ್ನೇ ನೋಡಿ.

ಸ್ವಿಚ್ಚು ಒದ್ದೆ ಕೈಗೂ ಸಿಗಬೇಕು. ಒಂದು ಒತ್ತಿಗೆ ಬೆಳಕು ಬರಬೇಕು. ಕಿಸೆಯೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುವುದುಂಟು. ಲಾಕ್ ಇದೆಯೇ ಕೇಳಿ. ಕೆಲವದರಲ್ಲಿ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲಿಸಿದರೂ ಸಾಕು. ಮಿಣಿಮಿಣಿ ಮಿನುಗುವ ಹಂತಗಳು ನಮಗೆ ಬೇಡ. ಹೆದರಿ ಒತ್ತಿದಾಗ ಅದೇ ಬಂದರೆ ಏನು ಗತಿ?

ಮನೆಯಲ್ಲೇ ಪರೀಕ್ಷೆ

ತಂದ ದಿನವೇ ಪೂರ್ತಿ ಚಾರ್ಜ್ ಮಾಡಿ. ಕತ್ತಲಾದ ಮೇಲೆ ನಡುವಿನ ಹಂತದಲ್ಲಿ ಬಿಳಿ ಗೋಡೆಗೆ ಹಿಡಿದು ಇಡಿ. ಐದು ನಿಮಿಷ, ಒಂದು ಗಂಟೆ, ಎರಡು ಗಂಟೆ ಬಿಟ್ಟು ನೋಡಿ. ಹೇಳಿದಷ್ಟು ಬಾರದಿದ್ದರೆ ಮರುದಿನವೇ ಹಿಂದೆ ಕೊಡಿ. ಬಿಲ್ಲು ಇರಲಿ.

ಇನ್ನೊಂದು, ಹಿಡಿಯುವ ಕ್ರಮ. ಹೆಡ್‌ಲೈಟು ಕೈ ಖಾಲಿ ಬೇಕಾದ ಕೆಲಸಕ್ಕೆ ಒಳ್ಳೆಯದು. ಆದರೆ ಕಣ್ಣಿನ ಹತ್ತಿರದಿಂದಲೇ ಬೆಳಕು ಹೋದರೆ ನೆರಳು ಕಾಣುವುದಿಲ್ಲ, ನೆಲ ಚಪ್ಪಟೆಯಾಗಿ ತೋರುತ್ತದೆ. ಮಂಜಿದ್ದರೆ ಬೆಳಕು ಕಣ್ಣಿಗೇ ಮರಳುತ್ತದೆ. ನಡೆಯುವಾಗ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಹಗ್ಗವಿರಲಿ, ಹಾವಿರಲಿ, ಅದರ ನೆರಳು ಉದ್ದಕ್ಕೆ ಬೀಳುತ್ತದೆ. ಕಣ್ಣು ಅಲ್ಲಿಗೆ ಹೋಗುತ್ತದೆ.

ಟಾರ್ಚೊಂದೇ ರಕ್ಷೆ ಅಲ್ಲ. ಗಂಬೂಟು ಹಾಕಿ, ಕೋಲು ಹಿಡಿಯಿರಿ. ಕಚ್ಚಿತೆಂದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿದ ಅಂಗ ಅಲ್ಲಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು.

ಈಗ ನನ್ನ ಕಿಸೆಯಲ್ಲಿ ಒಂದು 18650 ಟಾರ್ಚು. ಪಂಪಿನ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ ಎಎ ಸೆಲ್ಲಿನದು ಇನ್ನೊಂದು. ಒಂದು ಕೈಕೊಟ್ಟರೆ ಮತ್ತೊಂದು. ನೀವು ಏನು ಬಳಸುತ್ತೀರಿ, ಎಷ್ಟು ವರ್ಷ ಬಾಳಿತು, ಎಲ್ಲಿ ಮೋಸ ಹೋದಿರಿ? ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಇನ್ನೊಬ್ಬರ ದುಡ್ಡು ಉಳಿದೀತು. ಕಾಲೂ ಉಳಿದೀತು.