ಜ್ವರಮುಕ್ತಿಯೂ ಬಲಪ್ರಾಪ್ತಿಯೂ: ಚಿಕುನ್‌ಗುನ್ಯಾದಿಂದ ಎದ್ದ ಹಿರಿಯರನ್ನು ಕುರಿತು

ಜನರ ಬಾಯಲ್ಲಿ 'ಚಿಕನ್‌ಗುನ್ಯಾ' ಎಂದು ರೂಢಿಗೊಂಡಿರುವ ಜ್ವರಕ್ಕೂ ಕೋಳಿಗೂ ಯಾವ ಸಂಬಂಧವೂ ಇಲ್ಲ. ಶಬ್ದಸಾದೃಶ್ಯದಿಂದ ಹುಟ್ಟಿದ ಈ ಭ್ರಮೆಯ ಕಾರಣದಿಂದ ಕೋಳಿಮಾಂಸವನ್ನು ತಿಂದವರಿಗಷ್ಟೆ ಈ ಬೇನೆ ಬರುವುದೆಂದು ನಂಬಿ, ಶಾಕಾಹಾರಿಗಳಾದವರು ತಮಗೆ ಭಯವಿಲ್ಲವೆಂದು ನಿಶ್ಚಿಂತರಾಗಿದ್ದುದೂ ಉಂಟು. ಚಿಕುನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕದ ಮಕೊಂಡೆ ಜನರ ನುಡಿಯಿಂದ ಬಂದ ಪದ. ಬಾಗಿಸುವುದು, ಮುರುಟಿಸುವುದು ಎಂಬುದು ಅದರ ಭಾವಾರ್ಥ. 1952ರಲ್ಲಿ, ಇಂದು ಟಾಂಜಾನಿಯ ಎನಿಸಿಕೊಂಡಿರುವ ದೇಶದ ದಕ್ಷಿಣಭಾಗದಲ್ಲಿ ಈ ಜ್ವರ ಹಬ್ಬಿದಾಗ, ಕೀಲುನೋವಿನಿಂದ ನೆಟ್ಟಗೆ ನಿಲ್ಲಲಾರದೆ ಬಾಗಿ ನಡೆಯುತ್ತಿದ್ದ ರೋಗಿಗಳನ್ನು ಕಂಡು ಅಲ್ಲಿಯ ಜನ ಇಟ್ಟ ಹೆಸರು ಇದು. ಅನ್ವರ್ಥನಾಮವೆಂದರೆ ಇದಕ್ಕಿಂತ ಬೇರೊಂದು ಬೇಡ. ಜ್ವರವು ಕೆಲವೇ ದಿನ. ಬಾಗಿದ ಮೈ ನೆಟ್ಟಗಾಗಲು ತಿಂಗಳುಗಳು, ಕೆಲವರಲ್ಲಿ ವರ್ಷಗಳು. ಈ ಎರಡರ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ.

ಭಾರತದಲ್ಲಿ ಈ ರೋಗ ಮೊದಲು ಗುರುತಿಸಲ್ಪಟ್ಟುದು 1963ರಲ್ಲಿ, ಕಲ್ಕತ್ತೆಯಲ್ಲಿ. ಮರುವರ್ಷ ಮದರಾಸಿನಲ್ಲಿ, 1973ರಲ್ಲಿ ನಮ್ಮ ಗಡಿಗೆ ಹತ್ತಿರದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡಿತು. ಆಮೇಲೆ ಮೂರು ದಶಕಗಳ ಕಾಲ ಮರೆಯಾದಂತಿದ್ದು 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ದೇಶಾದ್ಯಂತ 13 ಲಕ್ಷಕ್ಕೂ ಹೆಚ್ಚು ಜನ ಶಂಕಿತ ರೋಗಿಗಳೆಂದು ದಾಖಲಾದರು. ಅವರಲ್ಲಿ 7 ಲಕ್ಷಕ್ಕೂ ಮೀರಿದವರು ಕರ್ನಾಟಕದವರೇ. ಕಲಬುರಗಿ, ಬೀದರ, ರಾಯಚೂರು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಊರಿಗೆ ಊರೇ ಮಲಗಿದ್ದ ಆ ದಿನಗಳನ್ನು ಕಂಡವರು ಇಂದಿಗೂ ಮರೆತಿಲ್ಲ. ಅಂದಿನ ಅಬ್ಬರ ಈಗಿಲ್ಲವಾದರೂ ರೋಗವು ನಾಡನ್ನು ಬಿಟ್ಟು ಹೋಗಿಲ್ಲ.

ರೋಗಕಾರಕವು ಒಂದು ವೈರಾಣು; ಅದನ್ನು ಹೊತ್ತು ತರುವುದು ಈಡಿಸ್ ಜಾತಿಯ, ಹಗಲಿನಲ್ಲಿ ಕಚ್ಚುವ ಸೊಳ್ಳೆ. ಕಚ್ಚಿದ ಮೂರರಿಂದ ಏಳು ದಿನಗಳೊಳಗೆ ಸಾಮಾನ್ಯವಾಗಿ ಜ್ವರ ಥಟ್ಟನೆ ಏರುತ್ತದೆ. ಮಣಿಕಟ್ಟು, ಬೆರಳುಗಳ ಗಂಟು, ಮೊಣಕಾಲು, ಪಾದದ ಕೀಲು, ಹೀಗೆ ಎರಡೂ ಪಕ್ಕಗಳಲ್ಲಿ ಒಟ್ಟಿಗೆ ನೋವು ಕಾಣಿಸುತ್ತದೆ. ಬಹುಜನರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಎಲ್ಲರೂ ಅಲ್ಲ. ಹಿಂದೂಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ 2005-06ರ ಹಾವಳಿಯ ವೇಳೆ ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಪಾಲಿನಷ್ಟು ಮಂದಿಗೆ ಈ ಜ್ವರ ತಗುಲಿತು. ಅಲ್ಲಿಯ ರೋಗಿಗಳ ಒಂದು ಗುಂಪನ್ನು 15 ತಿಂಗಳ ತರುವಾಯ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರು ಕೀಲುನೋವು ಇನ್ನೂ ಇದೆಯೆಂದೇ ಹೇಳಿದರು. ವಯಸ್ಸು 45ನ್ನು ದಾಟಿದವರು, ಮೊದಲೇ ಕೀಲು ಸವೆದವರು, ಮೊದಲ ವಾರದಲ್ಲಿ ನೋವನ್ನು ತೀವ್ರವಾಗಿ ಉಂಡವರು, ಇವರಲ್ಲಿ ಈ ಅವಶೇಷ ಹೆಚ್ಚು. ಈ ಮೂರೂ ಲಕ್ಷಣಗಳು ಒಬ್ಬರಲ್ಲಿಯೇ ಕೂಡುವುದು ಮುಪ್ಪಿನಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಪ್ರಾಚೀನರ ಒಂದು ಮಾತು ನೆನಪಿಗೆ ಬರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜ್ವರಪ್ರಕರಣವು ಜ್ವರ ಇಳಿದಲ್ಲಿಗೆ ಮುಗಿಯುವುದಿಲ್ಲ. ಜ್ವರದಿಂದ ಬಿಡುಗಡೆಯಾದವನು ಬಲಶಾಲಿಯಾಗುವ ತನಕ ದೇಹಶ್ರಮ, ಸ್ನಾನ, ತಿರುಗಾಟ ಮೊದಲಾದುವನ್ನು ವರ್ಜಿಸಬೇಕೆಂದೂ, ಬಲ ಬರುವ ಮೊದಲೇ ಅವಕ್ಕೆ ಎಳಸಿದವನಿಗೆ ಜ್ವರ ಮರುಕಳಿಸುವುದೆಂದೂ ಆಚಾರ್ಯನ ಅಭಿಪ್ರಾಯ. ಚರಕನು ಕಂಡ ಜ್ವರಗಳು ಬೇರೆ, ಸೊಳ್ಳೆಯ ಈ ವೈರಾಣುಜ್ವರ ಬೇರೆ. ಇಂದಿನ ವೈದ್ಯರು ಸ್ನಾನವನ್ನಾಗಲಿ ಮೆಲುನಡೆಯನ್ನಾಗಲಿ ನಿಷೇಧಿಸುವುದಿಲ್ಲ. ಆದುದರಿಂದ ಆ ಪಥ್ಯವನ್ನು ಅಕ್ಷರಶಃ ಇಲ್ಲಿಗೆ ಹೊಂದಿಸಹೊರಟರೆ ಅಪಾರ್ಥವಾದೀತು. ಗ್ರಹಿಸಬೇಕಾದುದು ಅದರಲ್ಲಿಯ ವಿವೇಕವನ್ನು: ಜ್ವರಮುಕ್ತಿ ಒಂದು, ಬಲಪ್ರಾಪ್ತಿ ಇನ್ನೊಂದು. ಅವೆರಡರ ನಡುವೆ ಒಂದು ಕಾಲಾವಧಿ ಇದೆ. ಅದಕ್ಕೆ ಪ್ರತ್ಯೇಕ ನಿಯಮವಿದೆ. ಉಷ್ಣಮಾಪಕದ ಪಾದರಸ ಇಳಿದೊಡನೆ ರೋಗಿಯನ್ನು ನಿರೋಗಿಗಳ ಪಟ್ಟಿಗೆ ಸೇರಿಸುವ ನಮ್ಮ ಮನೆಗಳು ಮರೆತಿರುವುದು ಈ ನಡುಗಾಲವನ್ನು.

ಮರೆವಿಗೆ ಕಾರಣವೂ ಇದೆ. ಈ ಹಿರಿಯರ ಮುಖದಲ್ಲಿ ರೋಗ ತೋರುವುದಿಲ್ಲ. ಉಣ್ಣುತ್ತಾರೆ, ಪತ್ರಿಕೆ ಓದುತ್ತಾರೆ, ಬಂದವರೊಡನೆ ಮಾತನಾಡುತ್ತಾರೆ. ಎಕ್ಸ್‌ರೇ ತೆಗೆಸಿದರೆ ಅನೇಕ ವೇಳೆ ಹೊಸದಾದ ದೋಷವೇನೂ ಕಾಣುವುದಿಲ್ಲ. ಆದರೆ ಬೆಳಗ್ಗೆ ಎದ್ದಾಗ ಮುಷ್ಟಿ ಮುಚ್ಚಲು ಬಾರದು. ತಂಬಿಗೆ ಕೈಯಿಂದ ಜಾರುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಮೊಮ್ಮಗನನ್ನು ಕರೆಯಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಅದೇ ಕೈ ಸಾಕಷ್ಟು ಸಡಿಲಗೊಂಡಿರುತ್ತದೆ. ಬೆಳಗ್ಗೆ ಆಗದ ಕೆಲಸ ಮಧ್ಯಾಹ್ನ ಆಗುವುದನ್ನು ಕಂಡ ಮನೆಯವರಿಗೆ ಇದು ನೆವವೆಂದು ತೋರುವುದು ಸಹಜವೇ ಆದರೂ, ಮುಂಜಾನೆಯ ಈ ಬಿಗಿತವು ಉರಿಯೂತದ ಕೀಲುನೋವಿನ ಸ್ವಭಾವಲಕ್ಷಣ. ಅದನ್ನು ಸೋಗೆಂದು ಬಗೆಯುವುದು ಅಜ್ಞಾನ.

ಇಷ್ಟಲಿಂಗಧಾರಿಗಳಾದ ಹಿರಿಯರಿಗೆ ಮೊದಲು ತಟ್ಟುವ ನೋವೂ ಇಲ್ಲಿಯೇ. ಕರಡಿಗೆಯನ್ನು ಬಿಚ್ಚುವುದು ಬೆರಳ ತುದಿಯ ಕೆಲಸ. ತ್ರಿಪುಂಡ್ರವನ್ನು ಧರಿಸುವಾಗ ನಡುವಣ ಮೂರು ಬೆರಳುಗಳು ಸಮನಾಗಿ ಚಾಚಬೇಕು. ಎಡದ ಅಂಗೈಯನ್ನು ಮೇಲ್ಮುಖವಾಗಿಸಿ ಲಿಂಗವನ್ನು ದೃಷ್ಟಿಯ ನೇರಕ್ಕೆ ಅಲುಗದೆ ಹಿಡಿಯಬೇಕಾದರೆ ಮಣಿಕಟ್ಟಿನ ಮೇಲೆ ಬೀಳುವ ಭಾರ ಅಲ್ಪವಲ್ಲ. ಐವತ್ತು ಅರವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ನೇಮಕ್ಕೆ ಕೈಯೇ ಒದಗದೆ ಹೋದಾಗ ಹಿರಿಯ ಜೀವ ಕುಗ್ಗುವ ಪರಿಯನ್ನು ವೈದ್ಯರ ಚೀಟಿಯಲ್ಲಿ ಬರೆಯಲಾಗದು. ಕೈ ನಡುಗಿ ಲಿಂಗ ಜಾರೀತೆಂಬ ಭಯದಿಂದ ಪೂಜೆಯನ್ನೇ ಬಿಟ್ಟು ಒಳಗೊಳಗೆ ಕೊರಗುವವರಿದ್ದಾರೆ. ಇದಕ್ಕೆ ಪರಿಹಾರ ಕಠಿಣವೇನೂ ಅಲ್ಲ. ಎದ್ದೊಡನೆ ಪೂಜೆಗೆ ಕುಳಿತುಕೊಳ್ಳದೆ, ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೈಗಳನ್ನು ಇರಿಸಿ, ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಿದರೆ ಬಿಗಿತ ತಕ್ಕಮಟ್ಟಿಗೆ ಇಳಿಯುತ್ತದೆ. ಮಧುಮೇಹದಿಂದ ಕೈಯ ಸ್ಪರ್ಶಜ್ಞಾನ ಕುಂದಿದವರಾದರೆ ನೀರಿನ ಬಿಸಿಯನ್ನು ಬೇರೊಬ್ಬರು ಪರೀಕ್ಷಿಸಬೇಕು. ಮೊಳಕೈಯ ಕೆಳಗೆ ದಿಂಬನ್ನೋ ಎತ್ತರದ ಮಣೆಯನ್ನೋ ಇಟ್ಟುಕೊಂಡರೆ ಭಾರ ಮಣಿಕಟ್ಟನ್ನು ಬಿಟ್ಟು ಅದರ ಮೇಲೆ ಬೀಳುತ್ತದೆ. ಪದ್ಮಾಸನ ಕೂಡದಿದ್ದಲ್ಲಿ ಕುರ್ಚಿಯೇ ಆಸನವಾಗಲಿ. ಲಿಂಗಕ್ಕೆ ಕರಸ್ಥಲ ಬೇಕು. ಮೊಣಕಾಲು ಮಡಿಸಿದ್ದರಷ್ಟೇ ಪೂಜೆಯೆಂಬ ನಿರ್ಬಂಧವನ್ನು ರೋಗಿಯ ಮೇಲೆ ಹೇರುವುದು ಶರಣರ ಮಾರ್ಗಕ್ಕೆ ಒಪ್ಪುವಂಥದಲ್ಲ.

ಇನ್ನು ಕಾಯಕದ ಮಾತು. ನಮ್ಮ ಸಮಾಜದಲ್ಲಿ ಚೇತರಿಸಿಕೊಳ್ಳುತ್ತಿರುವ ಹಿರಿಯರನ್ನು ಚುಚ್ಚಲು ಈ ಪವಿತ್ರಶಬ್ದವು ಬಳಕೆಯಾಗುತ್ತಿರುವುದು ಶೋಚನೀಯ. ಪರರು ಚುಚ್ಚುವುದಕ್ಕಿಂತ ಹೆಚ್ಚಾಗಿ ಹಿರಿಯರು ತಮ್ಮನ್ನು ತಾವೇ ಚುಚ್ಚಿಕೊಳ್ಳುತ್ತಾರೆ: ದುಡಿಯದೆ ಉಣ್ಣುತ್ತಿರುವೆನಲ್ಲಾ ಎಂದು. ಇಂಥವರು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಉದಾಹರಿಸುವುದು ಹೆಚ್ಚು. ಅನುಭವಗೋಷ್ಠಿಯಲ್ಲಿ ಮೈಮರೆತ ಮಾರಯ್ಯನನ್ನು ಕಾಯಕ ನಿಂತಿತೆಂದು ಲಕ್ಕಮ್ಮ ಎಚ್ಚರಿಸಿದಳೆಂಬಷ್ಟನ್ನು ನೆನೆಯುತ್ತಾರೆ, ಮುಂದಿನದನ್ನು ಮರೆಯುತ್ತಾರೆ. ಅದೇ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಆ ಅಧಿಕವನ್ನು ಒಪ್ಪದೆ ತಂದಲ್ಲಿಗೇ ಹಿಂದಿರುಗಿಸಿದವಳೂ ಲಕ್ಕಮ್ಮನೇ. ನಿಂತ ಕಾಯಕ ಹೇಗೆ ದೋಷವೋ ಅಳತೆ ಮೀರಿದುದೂ ಹಾಗೆಯೇ. ಕಥೆಯ ತಾತ್ಪರ್ಯ ದುರಾಸೆಯ ನಿರಾಕರಣೆಯೆಂಬುದು ನಿಜ. ಆದರೂ ಚಿಕುನ್‌ಗುನ್ಯಾದ ನಂತರದ ಬದುಕಿಗೆ ಅದು ವಿಸ್ಮಯವಾಗುವಷ್ಟು ಒಪ್ಪುತ್ತದೆ.

ಹೇಗೆಂದರೆ, ಈ ನೋವು ಒಂದೇ ಸಮನಾಗಿ ಇರುವುದಿಲ್ಲ. ನಾಲ್ಕು ದಿನ ಕಾಡಿ ಐದನೆಯ ದಿನ ಹಗುರವಾಗುತ್ತದೆ. ಆ ಹಗುರವಾದ ದಿನ ಹಿರಿಯರು ಮಾಡುವುದೇನು? ಉಳಿದುಹೋದ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಮುಗಿಸಲು ಹೊರಡುತ್ತಾರೆ. ನಿವೃತ್ತ ಅಧ್ಯಾಪಕರು ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಧೂಳು ಕೊಡಹುತ್ತಾರೆ. ಅಜ್ಜಿಯಾದವರು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂಡುತ್ತಾರೆ. ಮರುದಿನ ಮಣಿಕಟ್ಟು ಊದಿ ಮೂರು ದಿನ ಹಾಸಿಗೆ. ನಾಲ್ಕು ದಿನದ ಅಕ್ಕಿಯನ್ನು ಒಂದೇ ದಿನ ಆಯುವ ಈ ಅಭ್ಯಾಸವನ್ನು ತಡೆಯಲು ಮನೆಗೊಬ್ಬ ಲಕ್ಕಮ್ಮ ಬೇಕು. ನೋವಿದ್ದ ದಿನ ಪೂರ್ತಿ ಮಲಗದೆ, ನೋವಿಲ್ಲದ ದಿನ ಪೂರ್ತಿ ದುಡಿಯದೆ, ದಿನದಿನವೂ ಒಂದೇ ಅಳತೆಯ ಚಲನವಲನವನ್ನು ಇಟ್ಟುಕೊಂಡು, ಎರಡು ವಾರಕ್ಕೊಮ್ಮೆ ಅದನ್ನು ತುಸುವೇ ಏರಿಸುತ್ತ ಹೋಗುವುದು ಲೇಸು. ಮಾಡಿದ ಕೆಲಸದ ನೋವು ಮರುದಿನವೂ ಉಳಿದಿದ್ದರೆ ಅಳತೆ ಮೀರಿತೆಂದೇ ಅರ್ಥ.

ರೊಟ್ಟಿಯ ಮಾತು ಬಂದುದರಿಂದ ಒಂದನ್ನು ಸ್ಪಷ್ಟಪಡಿಸುವುದು ಒಳಿತು. ಗಂಡಸರ ನಿವೃತ್ತಿಗೆ ಸರ್ಕಾರದ ಆಜ್ಞೆ ಇದೆ. ಹೆಂಗಸರ ನಿವೃತ್ತಿಗೆ ಯಾವ ಆಜ್ಞೆಯೂ ಇಲ್ಲ. ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು, ತುಂಬಿದ ಕೊಡವನ್ನು ಎತ್ತುವುದು, ಈ ಮೂರೂ ಮಣಿಕಟ್ಟನ್ನು ಹಿಂಡುವ ಕೆಲಸಗಳೇ. ಜ್ವರದಿಂದೆದ್ದ ವೃದ್ಧಮಾತೆಯರನ್ನು ಈ ಮೂರರಿಂದ ಕೆಲವು ತಿಂಗಳಾದರೂ ಬಿಡುಗಡೆ ಮಾಡದ ಮನೆಯಲ್ಲಿ ಯಾವ ಮಾತ್ರೆಯೂ ಫಲಿಸದು.

ಮಾತ್ರೆಗಳ ವಿಷಯದಲ್ಲಿ ಹೆಚ್ಚಿನದನ್ನು ಹೇಳುವುದು ವೈದ್ಯರ ಅಧಿಕಾರ. ವೈರಾಣುವನ್ನೇ ನಾಶಮಾಡುವ ಔಷಧ ಈ ರೋಗಕ್ಕೆ ಇಲ್ಲ. ಜ್ವರದ ದಿನಗಳಲ್ಲಿ ವೈದ್ಯರು ಪ್ಯಾರಾಸಿಟಮಾಲ್ ಒಂದನ್ನೇ ನೆಚ್ಚುವುದಕ್ಕೆ ಕಾರಣವುಂಟು: ಡೆಂಗ್ಯೂ ಜ್ವರವನ್ನು ತರುವುದೂ ಇದೇ ಸೊಳ್ಳೆ, ಆರಂಭದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಡೆಂಗ್ಯೂ ಆಗಿದ್ದ ಪಕ್ಷದಲ್ಲಿ ಆಸ್ಪಿರಿನ್ ಮುಂತಾದ ನೋವುನಿವಾರಕಗಳಿಂದ ರಕ್ತಸ್ರಾವವಾಗುವ ಅಪಾಯವಿದೆ. ಜ್ವರ ಕಳೆದ ಮೇಲೂ ಈ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ವೃದ್ಧರ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ; ರಕ್ತದೊತ್ತಡಕ್ಕೆ ಔಷಧ ಸೇವಿಸುವವರಿಗಂತೂ ವಿಶೇಷವಾಗಿ. ಒಂದೇ ಚುಚ್ಚುಮದ್ದಿಗೆ ನೋವು ಮಾಯವಾಯಿತೆಂದು ಹೊಗಳುವವರಿದ್ದಾರೆ. ಅಂಥ ಪವಾಡಗಳಲ್ಲಿ ಸ್ಟೆರಾಯ್ಡ್ ಇರುವುದುಂಟು. ಅದು ಮಧುಮೇಹಿಗಳ ಸಕ್ಕರೆಯನ್ನು ಏರಿಸುತ್ತದೆ, ನಿಲ್ಲಿಸಿದ ಮೇಲೆ ನೋವು ಮರಳುವುದೂ ಉಂಟು. ತಜ್ಞರ ಕೈಯಲ್ಲಿ ಅದಕ್ಕೆ ಸ್ಥಾನವಿದೆ, ಸಂತೆಯಲ್ಲಿ ಇಲ್ಲ. ಲಸಿಕೆಯ ಸುದ್ದಿಯನ್ನೂ ಎಚ್ಚರದಿಂದ ಕೇಳಬೇಕು: 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಲಸಿಕೆಯ ಪರವಾನಗಿಯನ್ನು, ಅದರಿಂದ ಮುಖ್ಯವಾಗಿ ವೃದ್ಧರಲ್ಲಿ ಗಂಭೀರ ತೊಂದರೆಗಳು ಕಂಡುಬಂದುದರಿಂದ, 2025ರಲ್ಲಿ ಅಲ್ಲಿ ತಡೆಹಿಡಿಯಲಾಯಿತು. ಮೂರು ತಿಂಗಳು ಮೀರಿಯೂ ಕೀಲುಗಳು ಊದಿಕೊಂಡೇ ಇದ್ದರೆ ಕೀಲುವಾತದ ತಜ್ಞರನ್ನು ಕಾಣುವುದು ಅವಶ್ಯ. ಮತ್ತೆ ಜ್ವರ ಬಂದರೆ, ಒಂದೇ ಕೀಲು ಕೆಂಪಾಗಿ ಕಾಯ್ದರೆ, ಕೈಕಾಲು ಸ್ವಾಧೀನ ತಪ್ಪಿದರೆ ತಿಂಗಳ ಮಾತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಎಲ್ಲ ನೋವನ್ನೂ ಹಳೆಯ ಜ್ವರದ ತಲೆಗೆ ಕಟ್ಟುವುದು ತಪ್ಪು.

ಸಮುದಾಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳು ಉಳಿದಿವೆ. ಕೀಲುನೋವು ಉಳಿದವರ ಬಳಿ ಕುಳಿತರೆ ರೋಗ ಅಂಟುವುದೆಂದು ಪಂಕ್ತಿಯಲ್ಲಿ ದೂರ ಸರಿಯುವವರು ಇನ್ನೂ ಇದ್ದಾರೆ. ಇದು ಮುಟ್ಟಿದರೆ ಬರುವ ಬೇನೆಯಲ್ಲ. ರೋಗಿಯ ರಕ್ತದಲ್ಲಿ ವೈರಾಣು ಇರುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಆ ದಿನಗಳಲ್ಲಿ ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಿದರೆ ಅವರಿಂದ ಸೊಳ್ಳೆಗೆ, ಸೊಳ್ಳೆಯಿಂದ ನೆರೆಯವರಿಗೆ ಹರಡುವುದು ತಪ್ಪುತ್ತದೆ. ನಲ್ಲಿಯ ನೀರು ಹಲವು ದಿನಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ತೊಟ್ಟಿ, ಹಂಡೆ, ಬ್ಯಾರಲ್ಲುಗಳಲ್ಲಿ ಕೂಡಿಟ್ಟ ತಿಳಿನೀರೇ ಈ ಸೊಳ್ಳೆಯ ತವರು. ವಾರಕ್ಕೊಮ್ಮೆ ಬರಿದುಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಅಂಟಿಕೊಂಡ ತತ್ತಿಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಿದ್ಯಾರ್ಥಿನಿಲಯಗಳ ನೀರಿನ ತೊಟ್ಟಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಎರಡನೆಯದು ಆಸನದ ವಿಷಯ. ಮಠದ ಶಿವಾನುಭವಗೋಷ್ಠಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ದಾಸೋಹಕ್ಕೆ ಬಾರದಿರುವ ಹಿರಿಯರಲ್ಲಿ ಕೆಲವರು ನೆಲದ ಮೇಲೆ ಕುಳಿತರೆ ಏಳಲಾರೆವೆಂಬ ಒಂದೇ ಕಾರಣದಿಂದ ಮನೆಯಲ್ಲಿ ಉಳಿಯುತ್ತಾರೆ. ಕಾರಣವನ್ನು ಹೇಳಿಕೊಳ್ಳಲು ಸಂಕೋಚ. ಪ್ರಸಾದನಿಲಯದ ಒಂದು ಗೋಡೆಗುಂಟ ಎತ್ತರದ ಮೇಜು, ಬೆಂಚುಗಳ ಸಾಲೊಂದನ್ನು ಕೇಳುವ ಮೊದಲೇ ಹಾಕಿಸಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳಿಗೆ ಇದು ಅಲ್ಪವೆಂದು ತೋರಬಹುದು. ಸಭಾಂಗಣಕ್ಕೆ ಕುರ್ಚಿಗಳನ್ನು ಕೊಡಿಸುವವರು ಅವಕ್ಕೆ ಕೈಗಳಿರುವುದನ್ನು ನೋಡಿ ಆರಿಸಬೇಕು. ಏಳುವಾಗ ಬೆರಳುಗಳ ಮೇಲೆ ಭಾರ ಹಾಕಲಾರದವರು ಮುಂಗೈಯನ್ನು ಪೂರ್ತಿಯಾಗಿ ಊರುವಷ್ಟು ಆ ಕೈಗಳು ಅಗಲವಾಗಿರಬೇಕು.