ಗಾಡಿ ಹಟ ಮಾಡಿದ ದಿನವೇ ತಲೆನೋವು

ಪ್ರಶ್ನೆ: ನನಗೆ 48 ವರ್ಷ. ಮಳೆಗಾಲ ಹಿಡಿದಾಗಿನಿಂದ ವಾರದಲ್ಲಿ ಒಂದೆರಡು ದಿನ ಬೆಳಿಗ್ಗೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಕಾಲಲ್ಲಿ ಬಲವೇ ಇರುವುದಿಲ್ಲ. ಮಧ್ಯಾಹ್ನದ ಮೇಲೆ ತಾನಾಗಿ ಇಳಿಯುತ್ತದೆ. ಅತ್ತೆಯವರಿಗೂ ಅದೇ ದಿನ ಹಾಗೇ ಆಗುತ್ತದೆ. ಪಿತ್ತವೆಂದು ಗುಳಿಗೆ ನುಂಗಿದ್ದಾಯಿತು. ಬಿಪಿ, ಶುಗರ್ ಸರಿ ಇವೆ. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಬೆರಳಿಗೆ ಹಚ್ಚಿದರೆ 98 ತೋರಿಸುತ್ತದೆ. ಇಚಲಕರಂಜಿಯ ತವರಿಗೆ ಹೋದರೆ ಒಂದು ದಿನವೂ ಬರುವುದಿಲ್ಲ. ಮನೆಯವರು ‘ತವರಿಗೆ ಹೋಗಲು ನೆಪ’ ಎಂದು ನಗುತ್ತಾರೆ. ಅವರಿಗೆ ಅವರದೇ ಕಿರಿಕಿರಿ: ಹಳೆಯ ಪೆಟ್ರೋಲ್ ಕಾರು ಕೆಲವು ದಿನ ಚಾಲೂ ಆಗುವುದಿಲ್ಲ. ಅಡುಗೆಮನೆಗೆ ಹತ್ತಿದ ಶೆಡ್ಡಿನಲ್ಲೇ ಸೆಲ್ಫ್ ಹೊಡೆದು ಹೊಡೆದು, ಚಾಲೂ ಆದಮೇಲೆ ಮತ್ತೆ ಬಂದ್ ಬಿದ್ದೀತೆಂದು ಹಾಗೇ ಬಿಟ್ಟು, ಸ್ನಾನ, ಚಹಾ ಮುಗಿಸಿ ಚಿಕ್ಕೋಡಿಗೆ ಹೊರಡುತ್ತಾರೆ. ಕುಬಸಕ್ಕೆಂದು ಏಳು ತಿಂಗಳ ಬಸುರಿ ಮಗಳನ್ನು ಈ ವಾರ ಕರೆತಂದಿದ್ದೇವೆ. ಅದರೊಳಗೆ ನನ್ನ ತಲೆಯ ಸ್ಕ್ಯಾನ್ ಮಾಡಿಸಬೇಕೆ?
– ಓದುಗರು, ಸದಲಗಾ

ಉತ್ತರ: ಸ್ಕ್ಯಾನ್ ಆಮೇಲೆ ನೋಡೋಣ ತಾಯಿ. ನಾಳೆಯಿಂದ ಆ ಕಾರು ಶೆಡ್ಡಿನೊಳಗೆ ಚಾಲೂ ಆಗಬಾರದು. ಹೊರಗೆ ನೂಕಿ, ಹೊಗೆಕೊಳವೆ ಅಡುಗೆಮನೆಯ ಕಿಟಕಿಗೆ ಮುಖ ಮಾಡದಂತೆ ನಿಲ್ಲಿಸಿ, ಆಮೇಲೆ ಸೆಲ್ಫ್ ಹೊಡೆಯಲಿ. (ನೂಕಲು ಅತ್ತೆಯವರನ್ನು ಕರೆಯಬೇಡಿ.)

ಕಾರಿನ ವಿಷಯವನ್ನು ನೀವು ಮಾತಿಗೆ ಮಾತು ಬಂತೆಂದು ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯ. ಒಂದೇ ಮನೆಯ ಇಬ್ಬರಿಗೆ ಒಂದೇ ಹೊತ್ತಿಗೆ ತಲೆನೋವು, ಮನೆ ಬಿಟ್ಟರೆ ಆರಾಮ. ಪಿತ್ತ ಹೀಗೆ ಹಂಚಿಕೊಂಡು ಬರುವುದಿಲ್ಲ, ಮೈಗ್ರೇನೂ ಬರುವುದಿಲ್ಲ. ನನಗೆ ಅನುಮಾನ ಇರುವುದು ಕಾರ್ಬನ್ ಮೊನಾಕ್ಸೈಡ್ ಮೇಲೆ.

ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು; ಅದು ಪೂರ್ತಿ ಉರಿಯದೆ ಈ ಅನಿಲವಾಗಿ ಹೊರಬೀಳುತ್ತದೆ. ಹೊಸ ಕಾರುಗಳಲ್ಲಿ ಅದನ್ನು ಸುಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾದರೂ ಸುಮಾರು 250–300 ಡಿಗ್ರಿ ಕಾಯುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಯನ್ನೂ ಮುಚ್ಚಿದ ಶೆಡ್ಡಿನಲ್ಲಿ ಓಡಲು ಬಿಡಬಾರದು, ನಿಮ್ಮದಂತೂ ಹಳೆಯದು. ಹೊಗೆಗೆ ವಾಸನೆ ಇರುತ್ತದೆ, ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಶುದ್ಧ ಗಾಳಿಯಲ್ಲಿ ಉಸಿರಾಡಿದರೆ ಅರ್ಧದಷ್ಟು ಇಳಿಯಲು ನಾಲ್ಕೈದು ತಾಸು ಬೇಕು. ನಿಮಗೆ ಮಧ್ಯಾಹ್ನದ ಮೇಲೆ ಹಗುರಾಗುವುದು ಇದಕ್ಕೆ ಸರಿಹೊಂದುತ್ತದೆ. ಆಕ್ಸಿಮೀಟರಿನ 98 ನಂಬಬೇಡಿ: ಹಿಮೋಗ್ಲೋಬಿನ್ನಿಗೆ ಅಂಟಿದ್ದು ಆಮ್ಲಜನಕವೋ ಈ ವಿಷವೋ ಎಂದು ಆ ಯಂತ್ರ ಬೇರೆ ಮಾಡಿ ಹೇಳಲಾರದು.

ಖಚಿತಪಡಿಸಲು ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎಂಬ ರಕ್ತಪರೀಕ್ಷೆ ಇದೆ. ಬೆಳಗಾವಿ, ಕೊಲ್ಲಾಪುರದ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಆದರೆ ತಲೆನೋವು ಇಳಿದ ಮೇಲೆ ಸಂಜೆ ರಕ್ತ ಕೊಟ್ಟರೆ ಏನೂ ಸಿಗಲಿಕ್ಕಿಲ್ಲ. ಇನ್ನೊಂದು ಮಾತು, ನೀವು ನಿಪ್ಪಾಣಿಯ ತಂಬಾಕಿನ ಸೀಮೆಯವರು: ಬೀಡಿ ಸೇದುವವರ ರಕ್ತದಲ್ಲಿ ಈ ಅನಿಲ ಮೊದಲೇ ಇರುತ್ತದೆ, ವರದಿ ಓದುವಾಗ ಅದನ್ನು ವೈದ್ಯರಿಗೆ ಹೇಳಬೇಕು.

ಪರೀಕ್ಷೆಗಿಂತ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ತಲೆನೋವು ಬಂದ ದಿನಗಳಿಗೆ ನೀವು ಗುರುತು ಹಾಕಿ, ಗಾಡಿ ಹಟ ಮಾಡಿದ ದಿನಗಳಿಗೆ ಯಜಮಾನರು ಹಾಕಲಿ. ಒಬ್ಬರದು ಇನ್ನೊಬ್ಬರು ನೋಡದೆ ನೆನಪಿಸಿಕೊಂಡರೆ ಒಳ್ಳೆಯದು. ಕಾರು ಹೊರಗೆ ಹೋದ ಮೇಲೂ ಮೂರು ನಾಲ್ಕು ವಾರ ಬರೆದಿಡಿ. ಆಗಲೂ ತಲೆನೋವು ಬಂದರೆ ನನ್ನ ಅನುಮಾನ ತಪ್ಪು, ಹತ್ತಿರದ ವೈದ್ಯರು ಬೇರೆ ಕಾರಣ ಹುಡುಕಲಿ.

ಮಗಳ ವಿಷಯದಲ್ಲಿ ಮಾತ್ರ ಕಾಯಬೇಡಿ. ಹೊಟ್ಟೆಯಲ್ಲಿರುವ ಕೂಸಿನ ರಕ್ತಕ್ಕೆ ಈ ಅನಿಲ ಇನ್ನೂ ಬಿಗಿಯಾಗಿ ಅಂಟುತ್ತದೆ, ಬಿಡುವುದೂ ನಿಧಾನ. ತಾಯಿ ಆರಾಮ ಇದ್ದಾಳೆಂದರೆ ಕೂಸೂ ಆರಾಮ ಎನ್ನಲಾಗದು. ಅವಳು ಬಂದಮೇಲೆ ಒಂದು ದಿನವಾದರೂ ಕಾರು ಹೀಗೆ ಶೆಡ್ಡಿನಲ್ಲಿ ಓಡಿದ್ದರೆ ಇವತ್ತೇ ಹೆರಿಗೆ ವೈದ್ಯರಿಗೆ ತೋರಿಸಿ, ಕಾರಿನ ಕಥೆಯನ್ನೂ ಹೇಳಿ. ಯಾರಾದರೂ ಎಚ್ಚರ ತಪ್ಪಿದರೆ ಬಾಗಿಲು ತೆರೆದು, ಇಂಜಿನ್ ಬಂದ್ ಮಾಡಿ, ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ಬೇಕಾಗುವ ಔಷಧ ಆಮ್ಲಜನಕ.

ಇನ್ನು ಕಾರು. ಅದು ನನ್ನ ಕಸುಬಲ್ಲ, ಆದರೂ ತೊಂದರೆಯ ಬೇರು ಅಲ್ಲೇ ಇರುವುದರಿಂದ ಹೇಳುತ್ತೇನೆ. ರೋಗಿ ನಮ್ಮ ಮುಂದೆ ಕೂತಾಗ ನೋವು ಮಾಯವಾಗುವಂತೆ ಕಾರೂ ಗ್ಯಾರೇಜಿನಲ್ಲಿ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ; ಮೆಕ್ಯಾನಿಕ್ ಪಾಪ ಏನು ಮಾಡಿಯಾನು? ಅವನಿಗೂ ಆ ಕ್ಯಾಲೆಂಡರ್ ತೋರಿಸಲಿ. ಜೊತೆಗೆ ಯಜಮಾನರು ಗಮನಿಸಬೇಕಾದ್ದು ಸೆಲ್ಫಿನ ಸದ್ದು. ‘ಟಕ್’ ಎಂದು ನಿಂತರೆ, ಅಥವಾ ಏದುಸಿರು ಬಿಡುತ್ತ ತಿರುಗಿದರೆ ಮೊದಲು ಬ್ಯಾಟರಿ, ಅದರ ತುದಿಗೆ ಕಟ್ಟುವ ಬಿಳಿ ಪುಡಿ ಮತ್ತು ಸಡಿಲ ವೈರು ನೋಡಬೇಕು. ರಾತ್ರಿಯಿಡೀ ನಿಂತ ಪೂರ್ತಿ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಮೇಲೆ ಅನುಮಾನ ಪಡಬಹುದು. ಸೆಲ್ಫ್ ಚುರುಕಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಕೊರತೆ ಕಿಡಿಯದೋ ಪೆಟ್ರೋಲಿನದೋ. ಮಳೆಯಾದ ಬೆಳಿಗ್ಗೆ ಮಾತ್ರ ಹೀಗಾದರೆ ಪ್ಲಗ್ಗಿನ ವೈರು ಬಿರಿದು ತೇವ ಹಿಡಿದಿರಬಹುದು. ಚಿಕ್ಕೋಡಿ ಪೇಟೆಯಲ್ಲಿ ಅರ್ಧ ತಾಸು ನಿಲ್ಲಿಸಿ ಬಂದಾಗ, ಇಂಜಿನ್ ಬಿಸಿಯಿದ್ದಾಗ ಮಾತ್ರ ಹಟ ಮಾಡಿದರೆ ಅದು ಬೇರೆಯೇ ರೋಗ. ಇದ್ಯಾವುದನ್ನೂ ಕೇಳದೆ ‘ಬ್ಯಾಟರಿ ಹೊಸದು ಹಾಕೋಣ’ ಎನ್ನುವವನು ನೋಡದೆ ಇಂಜೆಕ್ಷನ್ ಚುಚ್ಚುವವನ ಅಣ್ಣ.

ಪ್ರಶ್ನೆ: ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಚಳಿಗೆ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಮಗ ಒಮ್ಮೆ ತಲೆ ಸುತ್ತಿ ಬಿದ್ದ.
– ಓದುಗರು, ರಾಯಬಾಗ

ಉತ್ತರ: ಮೇಲಿನ ಉತ್ತರವನ್ನೇ ಓದಿಕೊಳ್ಳಿ, ಅನಿಲ ಅದೇ ಇರಬಹುದು. ಗೀಸರನ್ನು ಹೊರಗೋಡೆಗೆ ಹಾಕಿಸಿ ನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಲಿ. ಮಗ ಬಿದ್ದದ್ದಕ್ಕೆ ಬೇರೆ ಕಾರಣವಿದೆಯೇ ಎಂದು ಒಮ್ಮೆ ವೈದ್ಯರಿಗೆ ತೋರಿಸಿ, ಹೃದಯದ ಇಸಿಜಿಯೂ ಆಗಲಿ.