ಮೈದಾನದ ಬೆಲೆ, ಮೊಬೈಲಿನ ಬೆಲೆ

"ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ" ಎಂಬ ಮಾತನ್ನು ನಾವೆಲ್ಲ ಮನೆಯಲ್ಲೂ ತರಗತಿಯಲ್ಲೂ ಕೇಳಿದ್ದೇವೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಮಗುವಿನ ಸೋಮಾರಿತನವೇ ಇದಕ್ಕೆ ಕಾರಣ ಎಂದು ಅಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜನ ಒಂದು ಸರಕನ್ನು ಬಿಟ್ಟು ಅದರ ಬದಲಿ ಸರಕನ್ನು ಕೊಂಡರೆ ಅವರ ಗುಣ ಕೆಟ್ಟಿದೆ ಎಂದು ನಮ್ಮ ಅರ್ಥಶಾಸ್ತ್ರದ ಪುಸ್ತಕ ಹೇಳುವುದಿಲ್ಲ; ಬೆಲೆಯನ್ನು ನೋಡಿ ಎನ್ನುತ್ತದೆ. ಆಟ ಮತ್ತು ಮೊಬೈಲ್ ಕೂಡ ಒಂದೇ ಸಂಜೆಗೆ ಪೈಪೋಟಿ ನಡೆಸುವ ಎರಡು ಸರಕುಗಳು. ಹಾಗಾಗಿ ಎರಡರ ಬೆಲೆಯನ್ನೂ ನೋಡೋಣ.

ಮೊದಲು ಅಳತೆ ಏನೆಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆಯಲ್ಲಿ ತೊಡಗಬೇಕು. 17 ಎಂದರೆ ನಾನೂ ಸೇರಿದೆ, ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹುತೇಕರೂ ಸೇರಿದ್ದೀರಿ. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು ಎಂದು ಅದೇ ಸಂಸ್ಥೆ 2019ರಲ್ಲಿ ಹೇಳಿತ್ತು. ನಮ್ಮ ವಯಸ್ಸಿನವರಿಗೆ ಗಂಟೆಯ ಲೆಕ್ಕ ಕೊಟ್ಟಿಲ್ಲ. ಕೂತು ಪರದೆ ನೋಡುವುದನ್ನು ಮಿತಿಯಲ್ಲಿಡಿ ಎಂದಷ್ಟೇ ಹೇಳಿದೆ.

ಈ 60 ನಿಮಿಷ ಎಷ್ಟು ಜನರಿಗೆ ಸಿಗುತ್ತಿದೆ? 146 ದೇಶಗಳ, 11ರಿಂದ 17 ವರ್ಷದ ಸುಮಾರು 16 ಲಕ್ಷ ಶಾಲಾ ಮಕ್ಕಳ ಮಾಹಿತಿ ಸೇರಿಸಿ 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಜಗತ್ತಿನಲ್ಲಿ ನೂರಕ್ಕೆ 81 ಮಕ್ಕಳಿಗೆ ಇಷ್ಟು ಚಟುವಟಿಕೆ ಇಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಭಾರತದಲ್ಲಿ ಸುಮಾರು 74. ಅಂದರೆ ನಾವು ಜಗತ್ತಿಗಿಂತ ಸ್ವಲ್ಪ ಮೇಲು! ಇದಕ್ಕೆ ಸಂಶೋಧಕರು ಊಹಿಸಿದ ಕಾರಣ ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ, ನಮ್ಮ ಹುಡುಗಿಯರು ಮನೆಗೆಲಸ ಮಾಡುತ್ತಾರೆ. ಕಸ ಗುಡಿಸಿ, ನೀರು ತುಂಬಿ, ಬಟ್ಟೆ ಒಗೆದು ದೇಶದ ಅಂಕಿಯನ್ನು ಮೇಲೆತ್ತಿದವರು ನಾವು.

ಈಗ ಬೆಲೆಗೆ ಬರುತ್ತೇನೆ. 2014ರಲ್ಲಿ ಒಂದು ಜಿಬಿ ಡೇಟಾಗೆ ಸರಾಸರಿ 269 ರೂಪಾಯಿ ಬೀಳುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. 2018ರ ಹೊತ್ತಿಗೆ ಅದೇ ಒಂದು ಜಿಬಿ ಸುಮಾರು 12 ರೂಪಾಯಿಗೆ ಇಳಿದಿತ್ತು. ಯಾವ ಆಟಿಕೆಯೂ ಇಷ್ಟು ಬೇಗ ಇಷ್ಟು ಅಗ್ಗವಾಗಿಲ್ಲ. ತಿಂಗಳ ರೀಚಾರ್ಜ್ ಮಾಡಿಸಿದ ಮೇಲೆ ಇನ್ನೊಂದು ವಿಡಿಯೋ ನೋಡಲು ತಗಲುವ ಖರ್ಚು ಸೊನ್ನೆ. ಅದಕ್ಕೆ ಚಪ್ಪಲಿ ಮೆಟ್ಟಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮ ಮನೆಗೆ ಎರಡನೇ ಸ್ಮಾರ್ಟ್‌ಫೋನ್ ಬಂದದ್ದು 2020ರಲ್ಲಿ, ಶಾಲೆ ಮುಚ್ಚಿದಾಗ. ಅಬ್ಬಾ ಅದನ್ನು ನನ್ನ ಪಾಠಕ್ಕೆಂದೇ ತಂದರು. ಆ ಜುಲೈನಲ್ಲಿ ಕೇಂದ್ರ ಸರ್ಕಾರದ 'ಪ್ರಜ್ಞಾತ' ಮಾರ್ಗಸೂಚಿ, ಎಂಟನೇ ತರಗತಿಯವರೆಗಿನವರಿಗೆ ದಿನಕ್ಕೆ 30–45 ನಿಮಿಷದ ಎರಡೇ ಆನ್‌ಲೈನ್ ಪಾಠ ಸಾಕು ಎಂದಿತ್ತು. ಪಾಠ ಮುಗಿದ ಮೇಲೆ ಫೋನನ್ನು ಕಪಾಟಿನಲ್ಲಿಡಿ ಎಂದು ಯಾರೂ ಹೇಳಲಿಲ್ಲ. ಪುಸ್ತಕದ ಹೆಸರಿನಲ್ಲಿ ಒಳಗೆ ಬಂದ ವಸ್ತುವನ್ನು ಹೊರಗೆ ಕಳಿಸುವುದು ಕಷ್ಟ. ಶಾಲೆ ತೆರೆದರೂ ಹೋಂವರ್ಕ್ ವಾಟ್ಸಾಪ್‌ನಲ್ಲೇ ಬರುತ್ತದೆ.

ಇನ್ನು ಆಟದ ಬೆಲೆ. ನಾವಿರುವುದು ಬೆಳಗಾವಿಯ ಹಳೇ ಭಾಗದ ಒಂದು ಗಲ್ಲಿಯಲ್ಲಿ. ದಾದಿ ಮದುವೆಯಾಗಿ ಬಂದಾಗ ಈ ಗಲ್ಲಿಯಲ್ಲಿ ಮಕ್ಕಳು ಲಗೋರಿ, ಲಂಗಡಿ ಆಡುತ್ತಿದ್ದರಂತೆ. ವಾಹನ ಎಂದರೆ ಸೈಕಲ್ ಮತ್ತು ಟಾಂಗಾ. ಈಗ ಗೋಡೆಗುಂಟ ಎರಡೂ ಬದಿ ಬೈಕ್ ನಿಂತಿರುತ್ತವೆ, ಮಧ್ಯೆ ಆಟೋ ಹೋದರೆ ನಡೆಯುವವರು ಮೆಟ್ಟಿಲು ಹತ್ತಬೇಕು. ನನ್ನ ಹತ್ತು ವರ್ಷದ ತಮ್ಮ ಚೆಂಡು ಹೊಡೆದರೆ ಅದು ಯಾರದೋ ಕನ್ನಡಿಗೆ ಬೀಳುತ್ತದೆ, ಬೈಗುಳ ನಮ್ಮ ಬಾಗಿಲಿಗೆ ಬರುತ್ತದೆ. ಹಾಗಾಗಿ ಅಮ್ಮಿಯೇ ಫೋನ್ ಕೊಟ್ಟು ಕೂರಿಸುತ್ತಾರೆ. ಅದನ್ನು ಮುದ್ದು ಎನ್ನಲು ಬರುವುದಿಲ್ಲ, ಜಗಳ ತಪ್ಪಿಸುವ ಖರ್ಚು ಎನ್ನಬಹುದು.

ಬೆಳಗಾವಿಯಲ್ಲಿ ಮೈದಾನ ಇಲ್ಲವೆಂದಲ್ಲ. ಕ್ಯಾಂಪ್ ಭಾಗದ ಅಗಲ ರಸ್ತೆ, ಮರ, ಬಯಲು ನೋಡಿದರೆ ಬೇರೆ ಊರಿಗೆ ಬಂದಂತಿರುತ್ತದೆ. ಸರ್ದಾರ್ ಹೈಸ್ಕೂಲ್ ಮೈದಾನವಿದೆ. ಟಿಳಕವಾಡಿಯಲ್ಲಿ ಲೇಲೆ ಮೈದಾನವಿದೆ, ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋದ ದೊಡ್ಡ ಬಯಲಿದೆ. 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ನಮ್ಮದೂ ಒಂದು. ಆದರೆ ಹತ್ತು ವರ್ಷದ ಹುಡುಗನಿಗೆ ಮೈದಾನ ಎಂದರೆ ತಾನೇ ನಡೆದು ಹೋಗಬಹುದಾದ ಜಾಗ. ನಡುವೆ ಎರಡು ದೊಡ್ಡ ರಸ್ತೆ ದಾಟಬೇಕಾಗಿ ಬಂದರೆ ಆ ಮೈದಾನ ನಕ್ಷೆಯಲ್ಲಷ್ಟೇ ಇದೆ. ಈಗ ಬಾಡಿಗೆಯ ಟರ್ಫ್‌ಗಳೂ ಬಂದಿವೆ. ಮಾಮುವಿನ ಮಗ ಗೆಳೆಯರೊಂದಿಗೆ ಹಣ ಕೂಡಿಸಿ ಒಂದು ಗಂಟೆ ಆಡಿ ಬರುತ್ತಾನೆ. ಗಲ್ಲಿಯಲ್ಲಿ ಪುಕ್ಕಟೆಯಾಗಿದ್ದ ಆಟಕ್ಕೆ ಈಗ ದರಪಟ್ಟಿ ಇದೆ.

ಭಯವೂ ಬೆಲೆಯ ಒಂದು ಭಾಗ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದಲ್ಲಿ ಚಿರತೆ ಸೇರಿಕೊಂಡದ್ದು ನಿಮಗೆ ನೆನಪಿರಬೇಕು. ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಚಿರತೆ ಒಂದು ಕಡೆ ಇದ್ದರೆ ನಮ್ಮ ಕಡೆಯ ಮಕ್ಕಳನ್ನೂ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಅದು ಕೆಲವು ವಾರಗಳ ಮಾತು. ಬೈಕಿನ ಭಯ, ನಾಯಿಯ ಭಯ, ಅಪರಿಚಿತರ ಭಯಕ್ಕೆ ಮಾತ್ರ ರಜೆ ಮುಗಿಯುವ ದಿನ ಇಲ್ಲ.

ಜಾಗವೊಂದಿದ್ದರೆ ಸಾಕು, ಮಕ್ಕಳು ಆಡುತ್ತಾರೆ ಎಂದು ನಾನೂ ನಂಬಿದ್ದೆ. ಖಾನಾಪುರದಲ್ಲಿ ಖಾಲಾ ಇದ್ದಾರೆ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನಲ್ಲಿದೆ, ಪಟ್ಟಣದ ಪಕ್ಕದಲ್ಲೇ ನದಿ ಹರಿಯುತ್ತದೆ. ಹೆಂಚು, ಮಡಕೆಗೆ ಹೆಸರಾದ ಊರು. ಸುತ್ತ ಗದ್ದೆ, ಆಚೆ ಕಾಡು. ಬಯಲಿಗೆ ಏನೂ ಕೊರತೆಯಿಲ್ಲ. ರಜೆಯಲ್ಲಿ ಅಲ್ಲಿದ್ದಾಗ ನಾನು ಗಮನಿಸಿದ್ದು ಬೇರೆಯೇ. ಹುಡುಗರು ಬೆಳಿಗ್ಗೆ ಬ್ಯಾಟ್ ಹಿಡಿದು ಹೋದರೆ ಊಟಕ್ಕೆ ಬರುತ್ತಿದ್ದರು. ಖಾಲಾನ ಹದಿಮೂರು ವರ್ಷದ ಮಗಳು ಮಾತ್ರ ಅಂಗಳದಾಚೆ ಆಡಲು ಹೋಗಲೇ ಇಲ್ಲ. ಅಂಗಡಿಗೆ ಹೋದಳು, ಟೇಲರ್ ಹತ್ತಿರ ಹೋದಳು, ಚಿಕ್ಕ ತಮ್ಮನನ್ನು ಎತ್ತಿಕೊಂಡು ಅಡ್ಡಾಡಿದಳು. ದಿನವಿಡೀ ಕಾಲ ಮೇಲೆಯೇ ಇದ್ದಳು, ಆದರೆ ಒಮ್ಮೆಯೂ ಓಡಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಹುಡುಗರೂ ಒಳಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ನದಿ ದಡಕ್ಕೆ ಯಾರೂ ಕಳಿಸುವುದಿಲ್ಲ. ಹುಡುಗಿಗೆ ವರ್ಷಪೂರ್ತಿ ಮಳೆಗಾಲ.

ನಾನು ಕೇಳಿದಾಗ ಖಾಲಾ ಅಂದರು: "ಬೇಟಿ, ಆಡಬೇಡ ಅಂತ ಯಾರು ಅಂದರು? ಎಲ್ಲರ ಕಣ್ಣೆದುರು ಬೇಡ ಅಂದೆ." ಸಣ್ಣ ಊರಿನಲ್ಲಿ ಯಾರ ಮಗಳು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅದರಿಂದ ರಕ್ಷಣೆಯೂ ಇದೆ, ಕಾವಲೂ ಇದೆ. ಖಾಲಾ ಕಟ್ಟುನಿಟ್ಟಿನವರೇನಲ್ಲ. ಮಗಳ ಆರೋಗ್ಯದ ಚಿಂತೆಗಿಂತ ಊರ ಬಾಯಿಯ ಚಿಂತೆ ಅವರಿಗೆ ಹತ್ತಿರದ್ದು, ಅಷ್ಟೇ. ಮಗುವಿನ ಸುತ್ತ ಮನೆ, ನೆರೆಹೊರೆ, ಶಾಲೆ, ಕಾನೂನು, ರೂಢಿ ಎಂಬ ಪದರಗಳಿರುತ್ತವೆ, ಅವೆಲ್ಲ ಸೇರಿಯೇ ಅದರ ಪರಿಸರ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಯೂರಿ ಬ್ರಾನ್‌ಫೆನ್‌ಬ್ರೆನ್ನರ್ 1979ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಖಾನಾಪುರದಲ್ಲಿ ಬಯಲು ಎಂಬ ಪದರ ಅಗಲವಾಗಿದೆ, ರೂಢಿ ಎಂಬ ಪದರ ಇಕ್ಕಟ್ಟಾಗಿದೆ.

ಹಾಗಾದರೆ ಹುಡುಗಿಯರೇ ಹೆಚ್ಚು ಮೊಬೈಲ್ ನೋಡುತ್ತಾರೆಯೇ? ಗ್ರಾಮೀಣ ಭಾಗದ 14ರಿಂದ 18 ವರ್ಷದವರ ಬಗ್ಗೆ 'ಅಸರ್' ನಡೆಸಿದ 2023ರ ಸಮೀಕ್ಷೆ ಇದಕ್ಕೆ ಬೇರೆ ಉತ್ತರ ಕೊಡುತ್ತದೆ. ಫೋನ್ ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ ಸುಮಾರು 44 ಜನರ ಬಳಿ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಸುಮಾರು 20 ಮಾತ್ರ. ಖಾಲಾನ ಮಗಳಿಗೆ ಫೋನ್ ಸಿಗುವುದು ರಾತ್ರಿ ಎಲ್ಲರ ಕೆಲಸ ಮುಗಿದ ಮೇಲೆ, ಅದೂ ಅಪ್ಪನದು. ಅವಳಿಗೆ ಮೈದಾನವೂ ದುಬಾರಿ, ಮೊಬೈಲೂ ದುಬಾರಿ. "ಫೋನ್ ಕಿತ್ತುಕೊಳ್ಳಿ, ಮಕ್ಕಳು ತಾವಾಗಿ ಆಡುತ್ತಾರೆ" ಎನ್ನುವವರು ಅವಳನ್ನು ನೋಡಬೇಕು.

ಶಾಲೆ ಈ ಬೆಲೆಯನ್ನು ಇಳಿಸಬಲ್ಲದು. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಮೈದಾನ ಇದ್ದರೂ ಪಿಟಿ ಪಿರಿಯಡ್ ಗಣಿತಕ್ಕೆ ಹೋಗುವುದನ್ನು ನಾವೆಲ್ಲ ಕಂಡವರೇ. ಸೈಕಲ್ ಕೂಡ ಹಾಗೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಉದ್ದೇಶ ಶಾಲೆ ಬಿಡದಿರಲಿ ಎಂದು, ಜೊತೆಗೆ ವ್ಯಾಯಾಮವೂ ಸಿಕ್ಕಿತು. ಸೈಕಲ್ ತುಳಿಯುವ ಹುಡುಗಿಯನ್ನು ಯಾರೂ "ಎಲ್ಲಿಗೆ ಆಡೋಕೆ ಹೊರಟೆ?" ಎಂದು ಕೇಳುವುದಿಲ್ಲ.

ಬೆಳಗಾವಿ ಪಕ್ಕದ ತುರಮುರಿಯ ರೈತರ ಮಗಳು ಮಲಪ್ರಭಾ ಜಾಧವ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದರು. ನಮ್ಮಲ್ಲಿ ಎಲ್ಲರೂ ಪದಕ ತರಬೇಕಾಗಿಲ್ಲ. ಆದರೆ ಅವರ ಊರಿನ ಬಯಲೊಂದೇ ಅವರನ್ನು ಅಲ್ಲಿಗೆ ತಲುಪಿಸಲಿಲ್ಲ. ತರಬೇತಿ ಬೇಕಾಯಿತು, ಜೊತೆಗಾರರು ಬೇಕಾದರು.

ಜೊತೆಯ ಬಲವನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ತಂಗಿಗೆ ಹನ್ನೆರಡು. ಶಾಲೆಯ ಖೋ ಖೋ ತಂಡಕ್ಕೆ ಹೆಸರು ಬಂತು, ಅಭ್ಯಾಸ ಶಾಲೆ ಬಿಟ್ಟ ಮೇಲೆ. ಡಿಸೆಂಬರ್‌ನಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗೆ ಇರುವುದೇ ಸ್ವಲ್ಪ ಹೊತ್ತು. "ಒಬ್ಬಳೇ ಕತ್ತಲಲ್ಲಿ ಬರುವುದು ಬೇಡ" ಎಂದು ಅಬ್ಬಾ ನಿರ್ಧರಿಸಿದ್ದರು. ಅದೇ ಗಲ್ಲಿಯ ಇನ್ನಿಬ್ಬರು ಹುಡುಗಿಯರು ಸೇರಿದ ಮೇಲೆ ಮೂರು ಮನೆಯವರು ಸರದಿಯಂತೆ ಕರೆತರಲು ಒಪ್ಪಿದರು. ಮೈದಾನ ಅದೇ, ದೂರ ಅದೇ, ಫೋನ್ ಕೂಡ ಕಪಾಟಿನ ಮೇಲೆ ಅಲ್ಲೇ ಇದೆ. ಅಪ್ಪಣೆಯ ಬೆಲೆ ಮಾತ್ರ ಮೂರು ಪಾಲಾಯಿತು. ಈಗ ಅವಳು ಊಟ ಮಾಡುತ್ತಲೇ ತೂಕಡಿಸುತ್ತಾಳೆ. ಫೋನ್ ಕೇಳುವುದು ಭಾನುವಾರ.

ನಮ್ಮ ಕಾಲೇಜಿಗೂ ಅಂಗಳವಿದೆ, ಗೋಡೆಯಿದೆ, ಗೇಟಿನಲ್ಲಿ ಕಾವಲುಗಾರ ಚಾಚಾ ಇದ್ದಾರೆ. ಹುಡುಗರಿಗೆ ಸಂಜೆ ಹೊರಗೆ ಜಾಗ ಸಿಗುತ್ತದೆ. ನಮಗೆ ಸಿಗುವುದು ಈ ಗೋಡೆಯೊಳಗೆ. ತರಗತಿ ಮುಗಿದ ಮೇಲೆ ವಾರಕ್ಕೆ ಎರಡು ದಿನ ಮುಕ್ಕಾಲು ಗಂಟೆ ವಿದ್ಯಾರ್ಥಿನಿಯರಿಗೆ ಅಂಗಳ ಬಿಟ್ಟುಕೊಡಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇವೆ. ಇಬ್ಬರು ಮೇಡಂ ಜೊತೆಗಿರಲು ಒಪ್ಪಿದ್ದಾರೆ. ಶಟಲ್ ಬ್ಯಾಟ್ ನಾಲ್ಕಿವೆ, ನೆಟ್ ಹರಿದಿದೆ, ಥ್ರೋಬಾಲ್ ಒಂದು ಕೊಳ್ಳಬೇಕು. ಒಂದೇ ಬಸ್ಸಿನಲ್ಲಿ, ಒಂದೇ ದಾರಿಯಲ್ಲಿ ಮನೆಗೆ ಹೋಗುವವರು ಒಟ್ಟಾಗಿ ಹೆಸರು ಕೊಟ್ಟರೆ ಮನೆಯಲ್ಲಿ ಕೇಳುವುದು ಸುಲಭ. ಖಾನಾಪುರ ಕಡೆಯ ಬಸ್ಸಿಗೆ ಹೋಗುವವರು ಸಮಯದ ತೊಂದರೆ ಇದ್ದರೆ ಮೊದಲೇ ಬರೆದು ತಿಳಿಸಿ, ಅರ್ಜಿಯಲ್ಲಿ ಸೇರಿಸುತ್ತೇವೆ. ಪಟ್ಟಿ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಮೊದಲ ಬೆಂಚಿನಲ್ಲಿದೆ.